ಪೀರಪ್ಪನ ಹತ್ತೊಂಬತ್ತು ಪದಗಳು

ಆಳಂದದ ಬಸ್ ಸ್ಟ್ಯಾಂಡಿನ ಎದುರಿಗೆ, ಸೋಡಾ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಆರಡಿ ಅಗಲದ ಅಂಗಡಿಯಲ್ಲಿ ಕೂತು ರಾಜೇಸಾಬ ಇಪ್ಪತ್ತೆಂಟು ವರ್ಷ ರೇಡಿಯೋ, ಟೇಪು ರಿಪೇರಿ ಮಾಡಿದ್ದ. ಅವನ ಕೈಗೆ ಬಂದ ಡಬ್ಬಿ ಮಾತಾಡದೆ ತಿರುಗಿ ಹೋದದ್ದಿಲ್ಲ ಎಂದು ಸುತ್ತಲ ಹಳ್ಳಿಯವರು ಹೇಳುತ್ತಿದ್ದರು. ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯ ತನಕ; ಉಳಿದದ್ದೆಲ್ಲ ಬೆರಳು ಸುಟ್ಟುಕೊಂಡು ಕಲಿತದ್ದು. ಹಾಗೆ ಕಲಿತವರಿಗೆ ಇರುವ ಹಮ್ಮು ಅವನಿಗೂ ಇತ್ತು. ‘ಗೊತ್ತಿಲ್ಲ’ ಅನ್ನುವ ಮಾತು ಅವನ ಬಾಯಿಂದ ಬಂದದ್ದನ್ನು ಅವನ ಹೆಂಡತಿ ಖುರ್ಷಿದಬೇಗಂ ಕೂಡ ಕೇಳಿರಲಿಲ್ಲ.

ತೊಂಬತ್ತೆಂಟರ ದಸರೆ ಮುಗಿದ ವಾರ ಶಾಂತಲಿಂಗಪ್ಪ ಸಾಹುಕಾರರು ಅವನ ಅಂಗಡಿಯ ಮುಂದೆ ಬಂದು ನಿಂತರು. ತೊಗರಿ ವ್ಯಾಪಾರದವರು, ಅಂಥ ಅಂಗಡಿಗಳ ಮೆಟ್ಟಿಲು ಹತ್ತುವವರಲ್ಲ. ಜೊತೆಗೆ ಹೆಂಡತಿ ಕಸ್ತೂರಿಬಾಯಿ. ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಎಳೆದುಕೊಂಡಿದ್ದಳು.

“ರಾಜೇಸಾಬ, ನಿನ್ನ ಕಡಿಂದ ಒಂದ್ ಕೆಲಸ ಆಗಬೇಕಾಗ್ಯಾದ,” ಎಂದರು ಸಾಹುಕಾರರು. “ನಮ್ಮಾಕಿ ಗಂಟಲಾಗ ಗಡ್ಡಿ ಬೆಳದದ. ಸೋಲಾಪುರದ ಡಾಕ್ಟರ್ರು ಆಪರೇಶನ್ ಆಗಲೇಬೇಕಂತಾರ. ಜೀವಕ್ಕೇನೂ ಭಯ ಇಲ್ಲಂತ. ಆದ್ರ ಆವಾಜ ಹಿಂಗೇ ಉಳೀತದಂತ ಹೇಳಾಕ ಬರಂಗಿಲ್ಲ ಅಂದಾರ.”

ಉಳಿದದ್ದನ್ನು ಕಸ್ತೂರಿಬಾಯಿಯೇ ಹೇಳಿದಳು. ಆಕೆಯ ಅಪ್ಪ ಪೀರಪ್ಪ ಜೇವರ್ಗಿ ಕಡೆಯ ನೆಲೋಗಿಯಲ್ಲಿ ದರ್ಜಿಯಾಗಿದ್ದ. ಮಷೀನು ತುಳಿಯುತ್ತಲೇ ಪದ ಕಟ್ಟಿ ಹಾಡುತ್ತಿದ್ದ. ಹಾಗೆ ಕಟ್ಟಿದ ಪದ ಹತ್ತೊಂಬತ್ತು. ಮಾತುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದ, ಆದರೆ ಧಾಟಿ ಬರೆಯುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ. ಅವನು ತೀರಿದ ಮೇಲೆ ಧಾಟಿ ಉಳಿದದ್ದು ಮಗಳ ಗಂಟಲಿನಲ್ಲಿ ಮಾತ್ರ. ಹದಿನೇಳಕ್ಕೆ ಮದುವೆಯಾಗಿ ಸಾಹುಕಾರರ ಮನೆಗೆ ಬಂದವಳು, ಹೊರಗೆಲ್ಲೂ ಹಾಡಿದವಳಲ್ಲ. ಅಡಿಗೆಮನೆಯಲ್ಲಿ, ಪೂಜೆಯ ಹೊತ್ತಿಗೆ, ಅಷ್ಟೇ. ತನ್ನ ಮಗಳಿಗೆ ಕಲಿಸಲು ನೋಡಿದ್ದಳು. ಮಗಳಿಗೆ ರುಚಿಸಲಿಲ್ಲ, ಲಗ್ನವಾಗಿ ಪುಣೆಗೆ ಹೋದಳು.

“ಆಪರೇಶನ್ನಿಗಿ ಮೊದಲ ಅವಿಷ್ಟು ತುಂಬಿ ಇಡಬೇಕ್ರಿ ರಾಜೇಭಾಯಿ. ಸ್ಟುಡಿಯೋ ಅದು ಇದು ನನಗ ಆಗಂಗಿಲ್ಲ. ಮನ್ಯಾಗೇ ಆಗಬೇಕು.”

“ನಮ್ಮ ಅಳಿಯ ಫೋನಿನ್ಯಾಗ ಹೇಳಾಕತ್ತಿದ್ದ,” ಎಂದರು ಸಾಹುಕಾರರು. “ಈಗ ಎಲ್ಲಾ ಕಂಪ್ಯೂಟರಿನ್ಯಾಗ ತುಂಬತಾರಂತ. ಏನ್ ತರಬೇಕು, ಯಾವುದು ಚಲೋ, ನನಗಂತೂ ಒಂದೂ ತಿಳಿಯಂಗಿಲ್ಲ. ನಿನಗ ತಿಳೀತದಲ್ಲ?”

ಕಂಪ್ಯೂಟರನ್ನು ರಾಜೇಸಾಬ ದೂರದಿಂದ ಎರಡು ಸಲ ನೋಡಿದ್ದ, ಬ್ಯಾಂಕಿನಲ್ಲೊಮ್ಮೆ, ಗುಲಬರ್ಗಾದ ರೈಲ್ವೆ ಸ್ಟೇಶನ್ನಿನಲ್ಲೊಮ್ಮೆ.

“ತಿಳೀತದ್ರಿ ಸಾಹುಕಾರ್ರ,” ಎಂದ.

“ಸುಮ್ಮ ಕ್ಯಾಸೆಟ್ಟಿನ್ಯಾಗ ತುಂಬಿದ್ರ ಆಗಂಗಿಲ್ಲೇನ್ರಿ?” ಎಂದು ಕಸ್ತೂರಿಬಾಯಿ ಕೇಳಿದಳು.

ರಾಜೇಸಾಬ ನಕ್ಕ. “ಕ್ಯಾಸೆಟ್ಟಿನ ಟೈಮ್ ಮುಗೀತ್ರಿ ಅಕ್ಕಾರ. ಅದರಾಗ ಸುಯ್ಯ್ ಅಂತ ಸಪ್ಪಳ ಬರ್ತದ. ಹತ್ತ್ ವರ್ಷಕ್ಕ ಟೇಪು ಅಂಟಿ ಹೋಗ್ತದ. ಕಂಪ್ಯೂಟರಿನ್ಯಾಗ ಹಾಕಿದ್ದು ಅಳಿಯಂಗಿಲ್ಲ.”

ಸೋಡಾ ಅಂಗಡಿಯ ರೇಡಿಯೋದಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದ, ಅದನ್ನೇ ಆಡಿದ್ದ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಖುರ್ಷಿದಬೇಗಂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ತುಮಾರೆಕು ಆತಾ ಕ್ಯಾ ಜೀ ವೋ?” ಎಂದು ಕೇಳಿದಳು. ನಿಮಗೆ ಬರುತ್ತದೇನು ಅದು ಎಂದು. ಬರುತ್ತದೆ ಎಂದ ಅವಳಿಗೂ.

ದೀಪಾವಳಿಗೆ ಮೊದಲು ಹೈದರಾಬಾದಿಗೆ ಹೋದ. ಕೋಠಿಯ ಗಲ್ಲಿಗಳಲ್ಲಿ ಟ್ರಾನ್ಸಿಸ್ಟರ್, ಕಂಡೆನ್ಸರು, ಸ್ಪೀಕರು ಕೊಂಡು ತಂದವನಿಗೆ ಆ ಬಜಾರು ಹೊಸದಲ್ಲ. ಕಂಪ್ಯೂಟರಿನ ಅಂಗಡಿ ಮಾತ್ರ ಹೊಸದು. ತಂಪು ಗಾಳಿಯ ಮಷೀನು, ಗಾಜಿನ ಬಾಗಿಲು. ಒಳಗೆ ಟೈ ಕಟ್ಟಿದ ಒಬ್ಬಾತ ಮೆಗಾ, ಗಿಗಾ, ಸೌಂಡ್ ಕಾರ್ಡು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ರಾಜೇಸಾಬ ಪ್ರತಿಯೊಂದಕ್ಕೂ ತಲೆಯಾಡಿಸಿದ.

ಅದೇ ಅಂಗಡಿಯ ಮೂಲೆಯ ಕಪಾಟಿನಲ್ಲಿ ಒಂದು ಹಳೆಯ ಜಪಾನಿ ಯಂತ್ರ ಇತ್ತು, ಸಾಮಾನ್ಯ ಕ್ಯಾಸೆಟ್ಟಿನ ಮೇಲೇ ನಾಲ್ಕು ಪಟ್ಟಿಗಳಲ್ಲಿ ಬೇರೆಬೇರೆ ಧ್ವನಿ ತುಂಬುವಂಥದ್ದು. ರಾಜೇಸಾಬ ಅದನ್ನು ಕೈಗೆತ್ತಿಕೊಂಡ. ಅಂಥದ್ದನ್ನು ಹಿಂದೆಂದೂ ನೋಡಿರಲಿಲ್ಲ, ಆದರೂ ಯಾವ ಬಿರಡೆ ಏನು ಮಾಡುತ್ತದೆ ಎಂಬುದು ಬೆರಳಿಗೆ ತಾನೇ ತಿಳಿಯಿತು. ಟೇಪು ಮುಟ್ಟಿ ಓದುವ ಹೆಡ್ಡು ಸವೆದಿರಲಿಲ್ಲ. ಮೋಟಾರು ರೇಷ್ಮೆಯ ಹಾಗೆ ತಿರುಗುತ್ತಿತ್ತು. ಇದೇ ಸಾಕು ಎಂದು ಅವನ ಮನಸ್ಸು ಸ್ಪಷ್ಟವಾಗಿ ಹೇಳಿತು.

ಆಗ ಟೈ ಕಟ್ಟಿದವನು, “ಏನು ಕೆಲಸ ತಮ್ಮದು?” ಎಂದು ಉರ್ದುವಿನಲ್ಲಿ ಕೇಳಿದ.

“ರೇಡಿಯೋ ರಿಪೇರಿ.”

“ಅದಕ್ಕೇ ಕೈ ಅತ್ತ ಹೋಗಿದೆ,” ಎಂದು ಅವನು ನಕ್ಕ. ಕುಹಕದ ನಗೆಯಲ್ಲ, ಗಿರಾಕಿಯೊಡನೆ ಸಲಿಗೆಯಿಂದ ನಗುವ ನಗೆ. ಆದರೂ ರಾಜೇಸಾಬನ ಕಿವಿ ಬಿಸಿಯಾಯಿತು. ಯಂತ್ರವನ್ನು ಕಪಾಟಿನಲ್ಲಿ ಇಟ್ಟು, ಕಂಪ್ಯೂಟರನ್ನೇ ಕಟ್ಟಿಸಿದ.

ಇನ್ನು ಸಾಫ್ಟ್‌ವೇರ್. ಹಾಡು ತುಂಬುವುದಕ್ಕೆ ಕಂಪ್ಯೂಟರೊಳಗೆ ಅದೂ ಬೇಕೆಂದು ಅವನಿಗೆ ಅಲ್ಲೇ ತಿಳಿದದ್ದು. ಪುಸ್ತಕದ ಸಮೇತ ದೊಡ್ಡ ಡಬ್ಬಿಯಲ್ಲಿ ಬರುವ ಅಸಲಿಯೊಂದಿತ್ತು. ನೀಲಿ ಶಾಯಿಯಿಂದ ಹೆಸರು ಗೀಚಿದ, ಬೆಳ್ಳಿ ಬಣ್ಣದ ನಕಲಿ ಸಿ.ಡಿ. ತಟ್ಟೆಯೊಂದಿತ್ತು, ಒಂದರೊಳಗೇ ನಲವತ್ತು ಬಗೆಯವು. “ಎಲ್ಲರೂ ಇದನ್ನೇ ಒಯ್ಯುತ್ತಾರೆ,” ಎಂದ ಅಂಗಡಿಯವ. ಡಬ್ಬಿಯ ಮೇಲಿನ ಇಂಗ್ಲಿಷ್ ಕಂಡು ರಾಜೇಸಾಬನಿಗೆ ಎದೆ ಹಾರಿತ್ತು. ನಲವತ್ತರಲ್ಲಿ ಒಂದಾದರೂ ತನ್ನ ಕೈಗೆ ಒಗ್ಗೀತೆಂದು ತಟ್ಟೆಯನ್ನು ಆರಿಸಿದ.

ಅವನು ತಿಳಿದು ಆರಿಸಿದ್ದು ಒಂದೇ, ಮೈಕು. ಅಂಗಡಿಯವ ಕೊಟ್ಟ ಪ್ಲಾಸ್ಟಿಕ್ಕಿನ ಮೈಕನ್ನು ಅಲ್ಲೇ ಬಿಟ್ಟು, ಪಕ್ಕದ ಗಲ್ಲಿಯಲ್ಲಿ ಹನ್ನೊಂದು ಮೈಕುಗಳನ್ನು ಬಾಯಿಗೆ ಹಿಡಿದು ನೋಡಿ ಹನ್ನೆರಡನೆಯದನ್ನು ತಂದ.

ಸಾಹುಕಾರರ ಮನೆಯ ಹಿಂದಿನ ಕೋಣೆಯಲ್ಲಿ ಮೂರು ಕಡೆ ತೊಗರಿ ಚೀಲ ಮಾಳಿಗೆಗೆ ಮುಟ್ಟುವ ತನಕ ಒಟ್ಟಿದ್ದರು. ಅಲ್ಲಿ ನಿಂತು ರಾಜೇಸಾಬ ಚಪ್ಪಾಳೆ ತಟ್ಟಿದ. ಸದ್ದು ಹುಟ್ಟಿದಲ್ಲೇ ಸತ್ತಿತು. ಇದಕ್ಕಿಂತ ಒಳ್ಳೆಯ ಜಾಗ ಯಾವ ಪಟ್ಟಣದಲ್ಲೂ ಸಿಗದು. ಬಾಗಿಲಿಗೆ ಎರಡು ಕೌದಿ ಕಟ್ಟಿದ. ಕಂಪ್ಯೂಟರಿನ ಫ್ಯಾನು ಗುರ್ರೆನ್ನುತ್ತಿತ್ತೆಂದು ಅದನ್ನು ಪಡಸಾಲೆಯಲ್ಲಿಟ್ಟು ಕಿಟಕಿಯಿಂದ ವೈರು ಎಳೆದ. ಮೈಕಿನಲ್ಲಿ ಗುಂಯ್‌ಗುಡುವ ಸದ್ದು ಬಂದಾಗ ಅಂಗಳದಲ್ಲಿ ಆಳುದ್ದ ತೆಗ್ಗು ತೋಡಿಸಿ, ಇದ್ದಿಲು, ಉಪ್ಪು ತುಂಬಿ, ತಾಮ್ರದ ತಗಡು ಹೂಳಿ ಅರ್ಥಿಂಗ್ ಮಾಡಿದ. ಗುಂಯ್‌ಗುಡುವುದು ನಿಂತಿತು. ಅಂದು ಸಂಜೆ ಸಾಹುಕಾರರು ಅವನ ಬೆನ್ನು ತಟ್ಟಿ ಚಹಾ ಕುಡಿಸಿದರು.

ಆದರೆ ಪರದೆಯ ಮೇಲಿನ ಕೆಲಸ ಅವನಿಗೆ ಬಗ್ಗಲಿಲ್ಲ. ನಲವತ್ತರಲ್ಲಿ ಹದಿಮೂರು ತೆರೆಯಲೇ ಇಲ್ಲ. ಕೆಲವು ಹಾಡನ್ನು ನಡುವೆ ನಡುವೆ ತಿಂದುಬಿಡುತ್ತಿದ್ದವು. ಒಂದರಲ್ಲಿ ಧ್ವನಿ ಹೆಡ್‌ಫೋನಿಗೆ ತಡವಾಗಿ ಬರುತ್ತಿತ್ತು; ಕಸ್ತೂರಿಬಾಯಿ ಒಂದು ನುಡಿ ಹಾಡಿ ಮುಂದಿನದಕ್ಕೆ ಹೋದರೆ ಹಿಂದಿನದು ಕಿವಿಯಲ್ಲಿ ಬೆನ್ನಟ್ಟಿ ಬರುತ್ತಿತ್ತು, ಆಕೆ ಎಡವುತ್ತಿದ್ದಳು. “ನಮ್ಮಪ್ಪ ಹಿಂದ ನಿಂತು ಅಣಕಸಾಕತ್ತಾನೇನೋ ಅನಸ್ತದ,” ಎಂದು ಮೊದಮೊದಲು ನಗುತ್ತಿದ್ದಳು.

ಡಿಸೆಂಬರ್ ಕಳೆಯಿತು, ಜನವರಿಯೂ ಕಳೆಯಿತು. ಊರಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಮಾಸ್ತರಿದ್ದ. ಅವನನ್ನು ಕೇಳಿದ್ದರೆ ಅರ್ಧ ತಾಸಿನ ಮಾತು. ರಾಜೇಸಾಬ ಕೇಳಲಿಲ್ಲ. ಹಳೆಯ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಶಬ್ದ ಬಿಡಿಸುತ್ತ ಕೂತ. ಅಂಗಡಿ ಮುಚ್ಚಿರುವುದೇ ಹೆಚ್ಚಾಯಿತು. ಕಸ್ತೂರಿಬಾಯಿಯ ಕುತ್ತಿಗೆ ದಿನದಿನಕ್ಕೆ ದಪ್ಪವಾಗುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಸೋಲಾಪುರದ ತಾರೀಖನ್ನು ಸಾಹುಕಾರರು ಎರಡು ಸಲ ಮುಂದೆ ಹಾಕಿದರು.

“ರಾಜೇಭಾಯಿ, ನಿಮ್ಮ ಅಂಗಡ್ಯಾಗ ಟೇಪ್ ರಿಕಾರ್ಡ್ ಇರ್ತದಲ್ರಿ. ಅದನ್ನೇ ತಂದು ಹಚ್ಚಬಾರದೇನ್ರಿ?” ಎಂದು ಮತ್ತೊಮ್ಮೆ ಕೇಳಿದಳು.

“ಇನ್ನ ಎಂಟ್ ದಿನ ತಡೀರಿ ಅಕ್ಕಾರ. ಹತ್ತಿರ ಬಂದೀನಿ.”

ಮಾರ್ಚಿನ ಮೊದಲ ವಾರ ಅದು ಹೇಗೋ ಕೂಡಿಬಂತು. ಧ್ವನಿ ಹಿಂದಿರುಗಿ ಕೇಳುವುದನ್ನು ನಿಲ್ಲಿಸುವ ಗುಂಡಿ ಅವನಿಗೆ ಸಿಕ್ಕಿತು. ಕರೆಂಟು ಇರುವ ಹೊತ್ತು ನೋಡಿ, ಹಿಟ್ಟಿನ ಗಿರಣಿ ಶುರುವಾಗುವ ಮೊದಲು, ದಿನಾ ಮುಂಜಾನೆ ಆರಕ್ಕೆ ಕೂತರು. ಕಸ್ತೂರಿಬಾಯಿ ಚಾಪೆಯ ಮೇಲೆ, ಮೊಣಕಾಲ ಮೇಲೆ ಬೆರಳಿನಿಂದ ತಾಳ. ಆಚೆ ಪಡಸಾಲೆಯಲ್ಲಿ ಹೆಡ್‌ಫೋನು ಹಾಕಿಕೊಂಡು ರಾಜೇಸಾಬ.

*ಹರಿದ ಅಂಗಿಗೆ ಹೊಲಿಗಿ ಹಾಕೀನಿ ಗುರುವೆ,*
*ಹರಿದ ಉಸುರಿಗೆ ದಾರ ಎಲ್ಲಿ ತರಲಿ*

ಇಷ್ಟು ವರ್ಷ ಸಾವಿರಾರು ದನಿಗಳನ್ನು ಡಬ್ಬಿಗಳಿಂದ ಹೊರಡಿಸಿದವನು ಅವನು. ಇಂಥದ್ದು ಕೇಳಿರಲಿಲ್ಲ. ಗಡ್ಡೆಯ ಒತ್ತಡಕ್ಕೆ ದನಿ ಮೇಲೇರುವಾಗ ಒಂದು ಕಡೆ ಒಡೆಯುತ್ತಿತ್ತು. ಒಡೆದದ್ದನ್ನೂ ಆಕೆ ಧಾಟಿಯೊಳಗೇ ಸೇರಿಸಿಕೊಂಡು ಮುಂದೆ ಹೋಗುತ್ತಿದ್ದಳು. ‘ದಾರ’ ಎನ್ನುವಲ್ಲಿ ದನಿ ನೇರ ಇಳಿಯದೆ, ಒಂದು ಚಿಕ್ಕ ತಿರುವು ತಗೊಂಡು, ಹಿಂದಕ್ಕೆ ನೋಡಿ ಇಳಿಯುತ್ತಿತ್ತು. ಮೊದಲ ದಿನ ಆ ತಿರುವು ಬಂದಾಗ ರಾಜೇಸಾಬನ ಕಣ್ಣಲ್ಲಿ ನೀರಾಡಿತು. ಹದಿನಾರು ದಿನಗಳಲ್ಲಿ ಹತ್ತೊಂಬತ್ತೂ ಮುಗಿದವು.

“ಒಂದ್ ಕ್ಯಾಸೆಟ್ಟಿಗಿ ಹಾಕಿ ಕೊಡ್ರಿ. ಸೋಲಾಪುರಕ್ಕ ಒಯ್ತೇನಿ,” ಎಂದಳು ಕಸ್ತೂರಿಬಾಯಿ. “ಆಪರೇಶನ್ನಿಗಿ ಹೋಗೋಮುಂದ ಒಮ್ಮಿ ಕೇಳ್ತೇನಿ.”

ಕಂಪ್ಯೂಟರಿನಿಂದ ಟೇಪಿಗೆ ಒಂದು ವೈರು ಹಚ್ಚಿದರೆ ಮುಗಿಯುವ ಕೆಲಸ. ಆದರೆ ಮೂರನೆಯ ಪದದಲ್ಲಿ ಕೆಮ್ಮು ಇತ್ತು. ಏಳನೆಯದರಲ್ಲಿ ಗುಬ್ಬಿ. ಹನ್ನೊಂದರಲ್ಲಿ ಗಿರಣಿ ಎದ್ದಿತ್ತು. ಕಂಪ್ಯೂಟರಿನಲ್ಲಿ ಅಂಥದ್ದನ್ನೆಲ್ಲ ಕತ್ತರಿಸಿ ತೆಗೆಯಬಹುದೆಂದು ಅವನು ಈಚೆಗೆ ಕಲಿತಿದ್ದ.

“ಹಸೀದು ಕೊಡಂಗಿಲ್ರಿ ಅಕ್ಕಾರ. ಸಾಫ್ ಮಾಡಿ, ನೀವ ತಿರುಗಿ ಬರೂದ್ರಾಗ ತಯಾರಿಡ್ತೇನಿ.”

ಏಪ್ರಿಲ್ ಮೊದಲ ವಾರ ಆಕೆ ಸೋಲಾಪುರಕ್ಕೆ ಹೋದಳು. ಗಡ್ಡೆ ಗಂಟಲ ನರಕ್ಕೆ ಸುತ್ತಿಕೊಂಡಿತ್ತಂತೆ. ಡಾಕ್ಟರು ಮೊದಲೇ ಹೇಳಿದ್ದು ಖರೆಯಾಯಿತು. ಜೀವ ಉಳಿಯಿತು. ದನಿ ಹೋಯಿತು. ಉಳಿದದ್ದು ಒಣ ಎಲೆ ಸರಿದಂಥ ಪಿಸುಗುಟ್ಟು.

ಇಪ್ಪತ್ತಾರನೇ ತಾರೀಖು ಸೋಮವಾರ ಸಾಹುಕಾರರು ಹೇಳಿ ಕಳಿಸಿದರು. ಮೊಹರಂ ನಡೆದಿತ್ತು, ಊರ ತುಂಬ ಹಲಗೆಯ ಸದ್ದು. ಕತ್ತರಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ, ಕ್ಯಾಸೆಟ್ಟಿಗೆ ಒಂದೂ ಹಾಕಿರಲಿಲ್ಲ; ಆದರೂ ರಾಜೇಸಾಬ ಹೊಸ ಅಂಗಿ ಹಾಕಿಕೊಂಡು ಹೋದ. ಕಸ್ತೂರಿಬಾಯಿ ಕುತ್ತಿಗೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಶುರುಮಾಡಿ ಎಂದು ಕೈಸನ್ನೆ ಮಾಡಿದಳು. ಅವನು ಗುಂಡಿ ಒತ್ತಿದ.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು.

ಮತ್ತೆ ಒತ್ತಿದ. ಹಿಂದಿನ ತಗಡು ಬಿಚ್ಚಿ ಮೀಟರು ಹಚ್ಚಿ ನೋಡಿದ. ಐದು ವೋಲ್ಟು ಬರುತ್ತಿತ್ತು, ಹನ್ನೆರಡೂ ಬರುತ್ತಿತ್ತು. ಎಲ್ಲ ಸರಿ ಇತ್ತು, ಏನೂ ನಡೆಯುತ್ತಿರಲಿಲ್ಲ. ಅವನ ಇಡೀ ವಿದ್ಯೆ ಅಲ್ಲಿಗೆ ಮುಗಿಯಿತು.

“ಸಣ್ಣ ಖರಾಬಿ ಅದರಿ. ಗುಲಬರ್ಗಾಕ್ಕ ಒಯ್ದು ಮಾಡಿಸಿಕೊಂಡ್ ಬರ್ತೇನಿ,” ಎಂದ.

ಗುಲಬರ್ಗಾದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯ ಮುಂದೆ ಇಂಥವೇ ಎಂಟು ಹತ್ತು ಡಬ್ಬಿ ಸಾಲಾಗಿ ಕೂತಿದ್ದವು. “ನಿಮ್ದೂ ಇಪ್ಪತ್ತಾರರದೇ ಏನ್ರಿ?” ಎಂದು ಕೇಳಿದ ಅಲ್ಲಿನ ಕೆಲಸಗಾರ. ವೈರಸ್ ಅಂತೆ. ನಕಲಿ ತಟ್ಟೆಗಳಲ್ಲಿ ಅಡಗಿ ಕೂತಿತ್ತಂತೆ, ಆ ತಾರೀಖಿಗೆ ಎಲ್ಲೆಡೆ ಒಮ್ಮೆಗೇ ಎದ್ದಿತಂತೆ. ರಾಜೇಸಾಬನ ಕಣ್ಣ ಮುಂದೆ ನೀಲಿ ಶಾಯಿಯ ಅಕ್ಷರ ಬಂದು ನಿಂತವು.

“ಚಿಪ್ ಹೊಸದು ಹಾಕ್ತೇನ್ರಿ. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಹೊಡದು ಕೊಡ್ಲೇನ್ರಿ?”

ಫಾರ್ಮ್ಯಾಟ್. ಆ ಶಬ್ದ ಡಿಕ್ಷನರಿಯಲ್ಲಿ ನೋಡಿದ ನೆನಪು, ಅರ್ಥ ಮಾತ್ರ ನೆನಪಿಗೆ ಬರಲಿಲ್ಲ. ಟೇಪಿನ ಹೆಡ್ಡು ಸ್ಪಿರಿಟ್ಟಿನಿಂದ ಒರೆಸುವಂಥದ್ದೇನೋ ಇರಬೇಕು. ಹಿಂದೆ ನಾಲ್ಕು ಮಂದಿ ನಿಂತಿದ್ದರು, ಇಪ್ಪತ್ತೈದು ದಾಟದ ಪ್ಯಾಂಟಿನವರು. ಅವರ ಮುಂದೆ ಅರ್ಥ ಕೇಳಲು ನಾಲಿಗೆ ಏಳಲಿಲ್ಲ.

“ಹೊಡೀರಿ. ಅದನ್ನೇ ಹೇಳೋನಿದ್ದೆ,” ಎಂದ.

ಮೂರನೆಯ ದಿನ ಆಳಂದಕ್ಕೆ ತಂದು ತನ್ನ ಅಂಗಡಿಯಲ್ಲೇ ಹಚ್ಚಿ ನೋಡಿದ. ಪರದೆ ಬೆಳಗಿತು. ಹೊಸ ಪಾತ್ರೆಯ ಹಾಗೆ ಎಲ್ಲ ಸ್ವಚ್ಛ. ಒಳಗೆ ಏನೂ ಇರಲಿಲ್ಲ. ಹತ್ತೊಂಬತ್ತರಲ್ಲಿ ಒಂದೂ ಇರಲಿಲ್ಲ. ಸಂಜೆಯ ಬಸ್ಸಿಗೇ ಮತ್ತೆ ಗುಲಬರ್ಗಾಕ್ಕೆ ಹೋದ.

ಆ ಕೆಲಸಗಾರ ತಲೆಗೆ ಕೈ ಇಟ್ಟುಕೊಂಡ. “ಅದರಾಗ ಬೇಕಾದ್ದು ಇತ್ತಂತ ನೀವ ಹೇಳಬೇಕಿತ್ತಲ್ರಿ ಚಾಚಾ! ಆ ವೈರಸ್ ಮುಂದಿನ ತುದಿ ಅಷ್ಟೇ ಅಳಸ್ತದ. ಹಿಂದಿಂದು ಹಂಗೇ ಇರ್ತದ. ಹೈದರಾಬಾದಿನ್ಯಾಗ ತೆಗದು ಕೊಡಾವ್ರು ಅದಾರ. ಈಗ ಫಾರ್ಮ್ಯಾಟ್ ಮಾಡಿ ಮ್ಯಾಲ ಎಲ್ಲಾ ಹಾಕೀನಿ…”

ಹೈದರಾಬಾದಿಗೂ ಹೊತ್ತುಕೊಂಡು ಹೋದ. ಅವರು ನಾಲ್ಕು ದಿನ ಇಟ್ಟುಕೊಂಡು ಒಂದಿಷ್ಟು ತುಣುಕು ತೆಗೆದರು. ಕೇಳಿದರೆ ಕಲ್ಲಿನ ಮೇಲೆ ಮರಳು ಉಜ್ಜಿದ ಸದ್ದು. ಅದರೊಳಗೆ ಎಲ್ಲೋ ಅರ್ಧ ಕ್ಷಣ ಒಂದು ಕೆಮ್ಮು. ಅವನು ಕತ್ತರಿಸಬೇಕೆಂದಿದ್ದ ಕೆಮ್ಮು.

ಸಾಹುಕಾರರಿಗೆ ವೈರಸ್ಸಿನ ಸಂಗತಿ ಹೇಳಿದ, ಫಾರ್ಮ್ಯಾಟಿನದು ಹೇಳಲಿಲ್ಲ. ಅವರು ಸಿಟ್ಟಾಗಲಿಲ್ಲ. “ಮಷೀನಿನ ಹಣೇಬರಕ್ಕ ನೀ ಏನ್ ಮಾಡ್ತಿ,” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನವೇ ರಾಜೇಸಾಬ ಜೇವರ್ಗಿಗೆ ಹೋಗಿ ಅಲ್ಲಿಂದ ನೆಲೋಗಿಯ ಬಸ್ಸು ಹತ್ತಿದ. ಪೀರಪ್ಪನ ಪದ ಬಲ್ಲವರು ಯಾರಾದರೂ ಇದ್ದಾರು ಎಂಬ ಆಸೆ. ಮನೆಮನೆ ಕೇಳಿದ. ಕಡೆಗೆ ಕಲ್ಯಾಣಪ್ಪ ಎಂಬ ಮುದುಕನ ಕಟ್ಟೆಗೆ ಕರೆದೊಯ್ದರು. ಎಂಬತ್ತು ದಾಟಿದವನು, ಕಿವಿ ಮಂದ. ಪೀರಪ್ಪನ ಹೆಸರು ಕೂಗಿ ಹೇಳಿದ ಮೇಲೆ ಮುಖ ಅರಳಿತು.

“ನನ್ನ ಲಗ್ನದ ನೆಹರೂ ಶರ್ಟ ಅವನೇ ಹೊಲದಾಂವ! ಚಲೋ ಕೈ,” ಎಂದ. ಪದಗಳ ಬಗ್ಗೆ ಕೇಳಿದರೆ, “ಹಾಡ್ತಿದ್ದ, ಹಾಡ್ತಿದ್ದ,” ಎಂದು ಕಾಲನ್ನು ಮಷೀನು ತುಳಿಯುವ ಹಾಗೆ ಆಡಿಸಿ ತೋರಿಸಿದ. ಅಷ್ಟೇ ಉಳಿದಿತ್ತು ನೆಲೋಗಿಯಲ್ಲಿ.

ಜೂನಿನಲ್ಲಿ ಒಂದು ಮಧ್ಯಾಹ್ನ ಸಾಹುಕಾರರು ಅಡತಿ ಅಂಗಡಿಗೆ ಹೋದ ಹೊತ್ತು ನೋಡಿ ರಾಜೇಸಾಬ ಕಸ್ತೂರಿಬಾಯಿಯ ಮುಂದೆ ಹೋಗಿ ಕೂತ. ಪಡಸಾಲೆಯ ನೆಲ ನೋಡುತ್ತ ಎಲ್ಲವನ್ನೂ ಹೇಳಿದ: ಕಪಾಟಿನ ಯಂತ್ರ, ನೀಲಿ ಶಾಯಿಯ ತಟ್ಟೆ, ಫಾರ್ಮ್ಯಾಟ್. “ನನಗ ಗೊತ್ತಿದ್ದಿಲ್ರಿ ಅಕ್ಕಾರ,” ಎಂದ. “ಮೊದಲಿಂದನೂ ಒಂದೂ ಗೊತ್ತಿದ್ದಿಲ್ಲ.”

ಹೊರಗೆ ಯಾರೋ ಮೊರದಲ್ಲಿ ಕಾಳು ಕೇರುತ್ತಿದ್ದರು. ಆಕೆ ಎದ್ದು ಒಳಗೆ ಹೋಗಿ ಅಪ್ಪನ ವಹಿ ತಂದಳು. ಮುಂದಕ್ಕೆ ಬಾಗಿ, ಅವನಿಗೆ ಕೇಳಿಸುವಷ್ಟು ಪಿಸುಗುಟ್ಟಿದಳು:

“ನೀವ ಕೇಳೀರಲ್ಲ. ಹದಿನಾರ್ ದಿನ ಕಿವ್ಯಾಗ ಹಾಕ್ಕೊಂಡ್ ಕೇಳೀರಿ. ನನ್ನ ಬಿಟ್ರ ನೀವೇ. ಅನ್ರಿ, ನೋಡೋಣು.”

“ನನಗ ಹಾಡಾಕ ಬರಂಗಿಲ್ರಿ.” ಈ ಸಲ ಮಾತು ಕೂಡಲೇ ಬಂತು.

“ಅನ್ರಿ.”

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದ. *ಹರಿದ ಅಂಗಿಗೆ ಹೊಲಿಗಿ ಹಾಕೀನಿ ಗುರುವೆ.* ತನ್ನ ಕಿವಿಯೊಳಗೆ ಅದು ಇದೆ ಎಂದುಕೊಂಡಿದ್ದ. ಬಾಯಿಗೆ ಬಂದಾಗ ಅದು ಬೇರೇನೋ ಆಗಿತ್ತು. ಆಕೆ ತಲೆ ಅಲ್ಲಾಡಿಸಿದಳು. ಬೆರಳನ್ನು ಗಾಳಿಯಲ್ಲಿ ಏರಿಸಿ, ಇಲ್ಲಿ ಹೀಗೆ ಎಂದು ತೋರಿಸಿದಳು. ಮತ್ತೆ ಅಂದ. ಮತ್ತೆ ತಪ್ಪು. ಆಕೆ ತಾನೇ ತೋರಿಸಲು ಬಾಯಿ ತೆರೆದಳು. ಬರೀ ಗಾಳಿ ಬಂತು, ಗಾಳಿಗೆ ಧಾಟಿ ಇರಲಿಲ್ಲ. ಕುತ್ತಿಗೆಯ ಗಾಯದ ಗೆರೆ ಕೆಂಪಾಗಿ ಬಿಗಿಯಿತು.

ಎಂಟು ಸಲ ಆಯಿತು, ಹತ್ತು ಸಲ ಆಯಿತು. ಮುಂದಿನ ಸಾಲಿಗೆ ಬಂದು ‘ದಾರ’ ಎನ್ನುವಲ್ಲಿ ಆ ತಿರುವಿಗಾಗಿ ಅವನ ದನಿ ಕತ್ತಲಲ್ಲಿ ಗೋಡೆ ತಡವಿದಂತೆ ತಡವಿ, ಸಿಗದೆ, ದಪ್ಪಗೆ ಕೆಳಗೆ ಬಿತ್ತು. ಅವನು ತಲೆ ಎತ್ತಿ ಆಕೆಯ ಮುಖ ನೋಡಿದ. ಅವನ ಕಣ್ಣು ತುಂಬಿದ್ದವು.

ಕಸ್ತೂರಿಬಾಯಿ ಅವನನ್ನೇ ನೋಡುತ್ತಿದ್ದಳು. ಗಾಳಿಯಲ್ಲಿದ್ದ ಬೆರಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

“ಹೌದ್ರಿ,” ಎಂದು ಪಿಸುಗುಟ್ಟಿದಳು. “ಹಿಂಗೇ. ಬರೋಬರಿ ಹಿಂಗೇ ಇತ್ತು.”

ಹಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ರಾಜೇಸಾಬ ಮುಂದಿನ ನುಡಿ ಎತ್ತಿಕೊಂಡ, ಆಕೆ ಮೊಣಕಾಲ ಮೇಲೆ ತಾಳ ಹಾಕತೊಡಗಿದಳು.